ಎರೆಬಾವಿ ಮಕ್ಕಳ ಆಸ್ಪತ್ರೆಯ ಚರಿತ್ರೆ, ಗಾದ್ರಮ್ಮ ಒಪ್ಪಿದಷ್ಟು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂಬುದರಲ್ಲಿ ನನಗೂ ಗಾದ್ರಮ್ಮನಿಗೂ ಇನ್ನೂ ರಾಜಿಯಾಗಿಲ್ಲ.

ನನ್ನ ಮೊದಲ ಪ್ರಯತ್ನ ಹೀಗಿತ್ತು: ‘ಹೊನ್ನಾಳಿಯಿಂದ ಚನ್ನಗಿರಿಗೆ ಹೋಗುವ ದಾರಿಯಲ್ಲಿ ಎರೆಬಾವಿ ಎಂಬ ಊರಿದ್ದು, ಅಲ್ಲಿನ ಮಕ್ಕಳ ಆಸ್ಪತ್ರೆಯ ಕಟ್ಟಡವು ಎಪ್ಪತ್ತು ಅಡಿ ಉದ್ದ, ಮೂವತ್ತು ಅಡಿ ಅಗಲವಿರುತ್ತದೆ. ಗೋಡೆಗಳು ಕಲ್ಲು ಮತ್ತು ಗಾರೆಯವು. ಮಾಡಿಗೆ ಮಂಗಳೂರು ಹೆಂಚು...’ ಅಷ್ಟು ಬರೆಯುವುದರೊಳಗೆ ನನಗೇ ಆಕಳಿಕೆ ಬಂತು. ಗೆಜೆಟಿಯರ್ ಬರೆಯುವವರ ಅನ್ನಕ್ಕೆ ಕೈ ಹಾಕುವುದು ಬೇಡವೆಂದು ಹಾಳೆ ಹರಿದೆ.

ಎರಡನೆಯದರಲ್ಲಿ ಕಟ್ಟಡದ ಬಾಯಿಂದಲೇ ಕಥೆ ಹೇಳಿಸಿದೆ: ‘ನಾನೊಂದು ಹಳೆಯ ಕಟ್ಟಡ. ನನ್ನ ಗೋಡೆಗಳು ಎಷ್ಟೋ ಕಂದಮ್ಮಗಳ ಅಳು ಕೇಳಿವೆ...’ ಏಳನೇ ಕ್ಲಾಸಿನಲ್ಲಿ ಹರಿದ ಛತ್ರಿಯ ಆತ್ಮಕಥೆ ಬರೆದು ಹತ್ತಕ್ಕೆ ಆರು ಅಂಕ ತೆಗೆದವನು ನಾನು. ಆ ಆರೂ ಹೆಚ್ಚಾಯಿತು ಎಂದು ಮೇಷ್ಟ್ರು ಆಮೇಲೆ ಹೇಳಿದ್ದರು. ಅದನ್ನೂ ಹರಿದೆ.

ಆಗ ಗಾದ್ರಮ್ಮ ಬಂದು ನಿಂತಳು. ಈಕೆ ಆ ಆಸ್ಪತ್ರೆಯ ಆಯಾ, ಈ ಕಥೆಯ ಮುಖ್ಯ ಪಾತ್ರ. ನೀಲಿ ಅಂಚಿನ ಬಿಳಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಂಕುಳಲ್ಲಿ ಯಾರದೋ ಮಗುವಿನ ಬಟ್ಟೆಗಳ ಗಂಟು.

"ಗೋಡೆಗೆ ಬಾಯಿ ಕೊಡ್ತೀರಿ, ನನಗೆ ಕೊಡಲ್ವೇನ್ರಿ?" ಅಂದಳು. "ನಾನು ಎರೆಬಾವಿಗೆ ಬಂದ ದಿನದಿಂದ ಶುರು ಮಾಡ್ರಿ. ಗೋಡೆ ಎಲ್ಲಿಗೂ ಹೋಗಲ್ಲ, ಹಿಂದಿಂದ ಬರ್ತೈತೆ."

ಸರಿ.

(ಓದುಗರೇ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎರೆಬಾವಿ ಯಾವ ನಕಾಶೆಯಲ್ಲೂ ಇಲ್ಲ. ಮೊದಲು ಈ ಆಸ್ಪತ್ರೆಯನ್ನು ಚನ್ನಗಿರಿಯಲ್ಲಿ ಇಟ್ಟಿದ್ದೆ. ಅಲ್ಲಿನ ಸ್ನೇಹಿತರೊಬ್ಬರು ಕರಡು ಓದಿ, "ನಮ್ಮೂರಾಗೆ ಇಂಥದ್ದು ಎಲ್ಲೈತೆ, ತೋರ್ಸು ನಡಿ" ಎಂದರು. ಹೊನ್ನಾಳಿಗೆ ಸಾಗಿಸಿದೆ. ಅಲ್ಲಿಯೂ ಅದೇ ತಕರಾರು. ಕೊನೆಗೆ ಎರಡಕ್ಕೂ ಮಧ್ಯೆ ಯಾರಿಗೂ ಸೇರದ ಒಂದು ಊರು ಮಾಡಿ, ಅದಕ್ಕೊಂದು ಬಸ್ ಸ್ಟಾಪು ಕೊಟ್ಟು, ಕಟ್ಟಡವನ್ನು ಅಲ್ಲಿ ಇಳಿಸಿದೆ. ಇನ್ನೂ ತಕರಾರು ಇರುವವರು ಎರೆಬಾವಿ ಪಂಚಾಯ್ತಿಗೆ ಅರ್ಜಿ ಹಾಕಬಹುದು.)

೨

೧೯೭೬ರ ಜನವರಿ. ಭದ್ರಾ ಕಾಲುವೆಗೆ ನೀರು ಬಿಟ್ಟಿದ್ದರು. ಬಸವಾಪಟ್ಟಣದ ಕಡೆಯ ಗದ್ದೆಗಳಲ್ಲಿ ನಾಟಿಯ ಭರಾಟೆ. ಜಗಳೂರು ಸೀಮೆಯಿಂದ ನಾಟಿ ಕೆಲಸಕ್ಕೆ ಬಂದ ಗುಂಪಿನಲ್ಲಿ ಗಾದ್ರಮ್ಮ, ಅವಳ ಗಂಡ ಪಾಲಣ್ಣ, ಮೂರು ವರ್ಷದ ಮಗಳು ಉಡಚಮ್ಮ ಇದ್ದರು. ದಿನವಿಡೀ ನೀರಿನಲ್ಲಿ ನಿಂತುಕೊಂಡರೆ ಕೂಲಿ ಕೊಡುತ್ತಾರೆ ಎಂದು ಗಾದ್ರಮ್ಮ ತನ್ನೂರಿನಲ್ಲಿ ಹೇಳಿದ್ದರೆ ಜನ ನಗುತ್ತಿದ್ದರು. ಅಲ್ಲಿ ಶೇಂಗಾ ಹೊಲದಲ್ಲಿ ಬಗ್ಗಿ ಅಭ್ಯಾಸವಿದ್ದ ಬೆನ್ನು ಇಲ್ಲಿಯೂ ಬಗ್ಗಿತು. ಕಾಲಿಗೆ ಮಾತ್ರ ಕೆಸರು ಹೊಸದು.

ಬಂದ ಆರನೇ ದಿನ ಉಡಚಮ್ಮನಿಗೆ ವಾಂತಿಭೇದಿ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿ ಬಿದ್ದಿತ್ತು. ಅತ್ತರೆ ನೀರು ಬರುತ್ತಿರಲಿಲ್ಲ. ಗದ್ದೆಯ ಯಜಮಾನರು ಟ್ರ್ಯಾಕ್ಟರ್ ಕೊಟ್ಟರು. ಟ್ರೈಲರಿನಲ್ಲಿ ಸಸಿಯ ಕಟ್ಟುಗಳ ಮೇಲೆ ಮಗಳನ್ನು ಮಲಗಿಸಿಕೊಂಡು ಗಾದ್ರಮ್ಮ ಎರೆಬಾವಿ ಆಸ್ಪತ್ರೆಗೆ ಹೊರಟಳು.

ಇಲ್ಲಿ ನಾನು ಬರೆದದ್ದು: ‘ತಾಯಿಯ ಕಣ್ಣಿಂದ ಧಾರಾಕಾರವಾಗಿ ನೀರು ಹರಿಯಿತು.’

"ನಾನು ಅಳಲಿಲ್ಲ," ಅಂದಳು ಗಾದ್ರಮ್ಮ. "ಅಳಾಕೆ ಟೈಮೆಲ್ಲಿತ್ತು? ಒಂದು ಕೈಯಾಗೆ ಕೂಸು, ಇನ್ನೊಂದು ಕೈಯಾಗೆ ಟ್ರೈಲರ್ ಹಲಗೆ ಹಿಡ್ಕೊಂಡಿದ್ದೆ. ಅತ್ತಿದ್ದು ನಮ್ಮನೆಯವ್ರು. ಅದನ್ನ ಬರೀಬ್ಯಾಡ್ರಿ, ಬೇಜಾರು ಮಾಡ್ಕೊಂತಾರೆ."

(ಬರೆದೆ.)

ಆಸ್ಪತ್ರೆಯಲ್ಲಿ ಇದ್ದದ್ದು ಹನ್ನೊಂದು ಹಾಸಿಗೆ, ಒಬ್ಬ ಕಾಂಪೌಂಡರ್ ಪಾಪಣ್ಣ, ಒಬ್ಬರೇ ಡಾಕ್ಟರ್. ಅವರ ಹೆಸರು ಪ್ರೇಮಮ್ಮ. ಶಿವಮೊಗ್ಗದವರು, ಕುಳ್ಳಗಿನ ಆಳು, ಕನ್ನಡಕದ ಒಂದು ಕಡ್ಡಿಗೆ ಪ್ಲಾಸ್ಟರ್ ಸುತ್ತಿಕೊಂಡಿದ್ದರು. ಉಡಚಮ್ಮನ ಹೊಟ್ಟೆಯ ಚರ್ಮ ಹಿಡಿದು ಬಿಟ್ಟು ನೋಡಿದರು. ಅದು ಹಿಡಿದಂತೆಯೇ ನಿಂತಿತು. ಕೂಡಲೇ ಡ್ರಿಪ್ ತರಿಸಿದರು.

ನರ ಸಿಗಲಿಲ್ಲ. ಎರಡು ಸಲ ಚುಚ್ಚಿದರು, ಎರಡು ಸಲವೂ ತಪ್ಪಿತು. ಮಗು ಇದ್ದಬದ್ದ ಜೀವವೆಲ್ಲ ಹಾಕಿ ಒದ್ದಾಡತೊಡಗಿತು. "ಕೈ ಅಲ್ಲಾಡಿಸದ ಹಾಗೆ ಹಿಡ್ಕೊಳಮ್ಮ," ಅಂದರು ಪ್ರೇಮಮ್ಮ. ಹಿಡಿದುಕೊಂಡ ಗಾದ್ರಮ್ಮ ಏನು ಮಾಡಬೇಕೋ ತೋಚದೆ ತಲೆಯೆತ್ತಿದಳು. ಮಾಡಿನ ತೊಲೆಗೆ ಸಾಲಾಗಿ ಕಬ್ಬಿಣದ ಕೊಂಡಿಗಳು, ಒಂದೊಂದೂ ಗಂಡಾಳಿನ ಮಣಿಕಟ್ಟಿನಷ್ಟು ದಪ್ಪ. ತಾಯಂದಿರು ಅವುಗಳಿಗೇ ಹಗ್ಗ ಕಟ್ಟಿ ಸೀರೆಯ ತೊಟ್ಟಿಲು ಇಳಿಬಿಟ್ಟಿದ್ದರು.

ಅವಳು ಮಗಳ ಕಿವಿಗೆ ಬಾಯಿಟ್ಟು ಹೇಳಿದಳು: "ಉಡುಚಿ, ಮ್ಯಾಲೆ ನೋಡು. ಆ ಕೊಂಡಿಗೆ ರಾಜರು ಆನೆಮರಿಗೆ ಉಯ್ಯಾಲೆ ಕಟ್ಟಿದ್ರಂತೆ."

ಮಗು ಮೇಲೆ ನೋಡಿತು. ಒಂದೇ ಗಳಿಗೆ. ಸೂಜಿ ನರಕ್ಕೆ ಹೋಯಿತು.

(ಈಗ ತಪ್ಪೊಪ್ಪಿಗೆ. ಮೊದಲ ಕರಡಿನಲ್ಲಿ ಉಡಚಮ್ಮ ಆ ಸಂಜೆ ತೀರಿಕೊಳ್ಳುತ್ತಾಳೆ. ಕಥೆಗೆ ತೂಕ ಬರಲಿ ಎಂದು. ಗಾದ್ರಮ್ಮ ಓದು ಬಾರದವಳು, ಆ ಪುಟವನ್ನು ನನ್ನ ಕೈಗೇ ಕೊಟ್ಟು ಓದಿಸಿಕೊಂಡಳು. "ನನ್ನ ಮಗಳನ್ನ ಮುಟ್ಟಿದ್ರೆ ಈ ಕಥೆಯಿಂದ ಎದ್ದು ಹೋಗ್ತೀನಿ," ಅಂದಳು. "ಆಮೇಲೆ ನೀವು ಹೆಂಚು ಎಣಿಸ್ಕೊಂತ ಕೂತ್ಕೊಳ್ರಿ." ಅವಳು ಹೋದರೆ ನನ್ನ ಹತ್ತಿರ ಉಳಿಯುವುದು ಎಪ್ಪತ್ತು ಅಡಿ ಉದ್ದ, ಮೂವತ್ತು ಅಡಿ ಅಗಲ. ಪುಟ ಹರಿದೆ. ಉಡಚಮ್ಮ ಮೂರನೇ ದಿನ ಎದ್ದು ಕೂತು ಅನ್ನಸಾರು ಕೇಳಿದಳು.)

೨ (ಮತ್ತೆ, ಯಾಕೆಂದರೆ ಅದಿನ್ನೂ ಮುಗಿದಿರಲಿಲ್ಲ)

ಮಗಳ ಜೊತೆ ಗಾದ್ರಮ್ಮ ಎಂಟು ದಿನ ಆಸ್ಪತ್ರೆಯಲ್ಲಿದ್ದಳು. ಪಕ್ಕದ ಹಾಸಿಗೆಯಲ್ಲಿ ಕೆರೆಬಿಳಚಿಯ ಒಬ್ಬ ಹುಡುಗ, ನ್ಯುಮೋನಿಯಾ. ಕಾಂಪೌಂಡರ್ ಪಾಪಣ್ಣ ಪೆನ್ಸಿಲಿನ್ ಹಿಡಿದು ಬಂದರೆ ಹುಡುಗ ಬೀದಿಯವರಿಗೆ ಕೇಳಿಸುವಂತೆ ಕಿರುಚುತ್ತಿದ್ದ. ನಾಲ್ಕನೇ ದಿನ ಅವನು ಪಾಪಣ್ಣನನ್ನು ಬಿಟ್ಟು ಗಾದ್ರಮ್ಮನನ್ನು ನೋಡಿದ. ಉಡಚಮ್ಮನಿಗೆ ಹೇಳುತ್ತಿದ್ದ ಕಥೆ ಅವನ ಕಿವಿಗೂ ಬಿದ್ದಿತ್ತು.

"ಆನೆಮರಿ ಹೆಸರೇನು?"

"ಅದಕ್ಕೆ ಹೆಸರಿಟ್ಟಿರಲಿಲ್ಲ. ನೀನೇ ಇಡು."

ಅವನು ಯೋಚಿಸುತ್ತಿರುವಾಗ ಪಾಪಣ್ಣ ಕೆಲಸ ಮುಗಿಸಿದ. ಮರುದಿನ ಇನ್ನೊಂದು ಮಗು, ಅದರ ಮರುದಿನ ಮತ್ತೊಂದು. ಎಂಟನೇ ದಿನ ಮನೆಗೆ ಕಳಿಸುವಾಗ ಪ್ರೇಮಮ್ಮ ಕೇಳಿದರು: "ಏನು ಹೇಳ್ತೀಯ ನೀನು ಆ ಮಕ್ಕಳಿಗೆ?"

"ಸುಳ್ಳು ಹೇಳ್ತೀನಿ, ಡಾಕ್ಟ್ರಮ್ಮ."

"ಎಂಥ ಸುಳ್ಳು?"

"ಆಯಾ ಕೂಸಿಗೆ ಯಾವ್ದು ಹಿಡಿಸ್ತೈತೋ ಅದು."

ಪ್ರೇಮಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಆಯಾ ಕೆಲಸ ಖಾಲಿ ಇದೆ. ಮಾಡ್ತೀಯಾ?"

ಹೀಗೆ ಗಾದ್ರಮ್ಮ ಎರೆಬಾವಿಯವಳಾದಳು. ಪಾಲಣ್ಣನಿಗೆ ಕಾಲುವೆಯ ತೂಬು ಕಾಯುವ ಕೆಲಸ ಸಿಕ್ಕಿತು. ಆಸ್ಪತ್ರೆಯ ಹಿಂದೆ ಒಂದು ಕೋಣೆಯ ಮನೆ.

ಅವಳದೊಂದು ನಿಯಮ ಇತ್ತು. ಒಂದು ಮಗುವಿಗೆ ಹೇಳಿದ್ದನ್ನು ಇನ್ನೊಂದಕ್ಕೆ ಹೇಳಬಾರದು. ಎಲ್ಲ ಕಥೆಗಳೂ ಆ ಕಟ್ಟಡದ ಬಗ್ಗೆಯೇ, ಯಾಕೆಂದರೆ ಮಲಗಿದ ಮಗುವಿನ ಕಣ್ಣಿಗೆ ಬೇರೆ ಏನೂ ಕಾಣುತ್ತಿರಲಿಲ್ಲ. ಬಾಗಿಲು ಯಾಕೆ ಇಷ್ಟು ಅಗಲ? ಆನೆ ಬರಲಿ ಅಂತ. ನೆಲದಲ್ಲಿ ಈ ಕಾಲುವೆ ಯಾಕೆ? ಇಲ್ಲಿ ಗುಲಾಬಿ ನೀರು ಹರಿಯುತ್ತಿತ್ತು. ನಾಯಿಕೆಮ್ಮಿನಿಂದ ನರಳುತ್ತಿದ್ದ ನ್ಯಾಮತಿಯ ಒಂದು ಹುಡುಗಿಗೆ, ಒಬ್ಬ ರಾಣಿಗೆ ಹದಿನೈದು ಮಕ್ಕಳಿದ್ದವೆಂದೂ ಹದಿನೈದಕ್ಕೂ ಒಟ್ಟಿಗೆ ನಾಯಿಕೆಮ್ಮು ಬಂದು ಅರಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲದಾಗಿ, ಕೆಮ್ಮುವವರಿಗೆಂದೇ ರಾಣಿ ಈ ಕಟ್ಟಡ ಕಟ್ಟಿಸಿದಳೆಂದೂ ಹೇಳಿದಳು. ಹುಡುಗಿ ನಕ್ಕು ಇನ್ನಷ್ಟು ಕೆಮ್ಮಿದಳು.

ಮಕ್ಕಳು ಮನೆಗೆ ಹೋಗುವಾಗ ಔಷಧಿ ಶೀಸೆಯ ಜೊತೆ ಒಂದೊಂದು ಚರಿತ್ರೆಯನ್ನೂ ಒಯ್ದವು. ಶೀಸೆ ಖಾಲಿಯಾಯಿತು. ಚರಿತ್ರೆ ಖಾಲಿಯಾಗಲಿಲ್ಲ.

೪

(ಮೂರು ಎಲ್ಲಿ ಎಂದು ಹುಡುಕಬೇಡಿ. ಅದರಲ್ಲಿ ಕಟ್ಟಡದ ನಕ್ಷೆ ಬರೆದಿದ್ದೆ. ಬಾಗಿಲು ಕಿಟಕಿಗಿಂತ ಚಿಕ್ಕದಾಯಿತು.)

೧೯೮೨. ಎರೆಬಾವಿ ಪಂಚಾಯ್ತಿಯ ಚೇರ್ಮನ್ ಮಹೇಶ್ವರಪ್ಪನವರು ಬಸ್ ಸ್ಟಾಪಿನ ಎದುರಿನ ಹಳೇ ಕಟ್ಟಡ ಕೆಡವಿ, ಅಲ್ಲಿ ಹದಿನಾಲ್ಕು ಮಳಿಗೆ ಕಟ್ಟಿಸುವುದೆಂದು ಠರಾವು ಮಾಡಿಸಿದರು. ಹಳೇ ಕಟ್ಟಡ ಎಂದರೆ ನಮ್ಮ ಆಸ್ಪತ್ರೆ. ಹೊಸ ಆಸ್ಪತ್ರೆ ಆಗುವವರೆಗೆ ಮಕ್ಕಳನ್ನು ಕಾಲುವೆ ಪಕ್ಕದ ತಗಡಿನ ಶೆಡ್ಡಿಗೆ ಸಾಗಿಸುವುದೆಂದೂ ಅದರಲ್ಲಿ ಇತ್ತು. ‘ಆಗುವವರೆಗೆ’ ಎಂಬ ಪದದ ಉದ್ದ ಎಷ್ಟೆಂದು ಎರೆಬಾವಿಯವರಿಗೆ ಗೊತ್ತಿತ್ತು. ಊರಿನ ನೀರಿನ ಟ್ಯಾಂಕು ಒಂಬತ್ತು ವರ್ಷದಿಂದ ಆಗುತ್ತಲೇ ಇತ್ತು.

ಮಹೇಶ್ವರಪ್ಪನವರನ್ನು ಖಳನಾಯಕ ಮಾಡಬೇಕೆಂದು ನನಗೆ ಬಹಳ ಆಸೆಯಿತ್ತು. ಕಪ್ಪು ಕನ್ನಡಕವನ್ನೂ ಕೊಟ್ಟಿದ್ದೆ. ಅವರು ಅದನ್ನು ತೆಗೆದು ಮೇಜಿನ ಮೇಲಿಟ್ಟು, "ನನ್ನ ಕಣ್ಣು ಸರಿಯಾಗೈತೆ" ಎಂದರು. "ಊರಿಗೆ ಒಂದು ಒಳ್ಳೇ ಅಂಗಡಿ ಇಲ್ಲ. ಒಂದು ಗುಂಡಿ ಬೇಕಂದ್ರೂ ಹೊನ್ನಾಳಿಗೆ ಹೋಗ್ಬೇಕು. ನಾನೇನು ನನ್ನ ಮನೆಗೆ ಕಟ್ಟಿಸ್ಕೊಂತೀನಾ?" ಅವರ ಮೊಮ್ಮಗನೇ ಎರಡು ವರ್ಷದ ಹಿಂದೆ ಆ ಹಾಸಿಗೆಯಲ್ಲಿ ಮಲಗಿ ಗುಣವಾಗಿದ್ದ. ಇಂಥವರನ್ನು ದ್ವೇಷಿಸಿ ಎಂದು ನಿಮಗೆ ಹೇಗೆ ಹೇಳಲಿ?

ಪ್ರೇಮಮ್ಮ ಅವರ ಬಳಿ ಹೋಗಿ, "ಏಪ್ರಿಲ್ ತಿಂಗಳಲ್ಲಿ ತಗಡಿನ ಕೆಳಗೆ ಹಸುಗೂಸು ಮಲಗಿಸಿದರೆ ಅದಕ್ಕೆ ಬೇರೆ ಕಾಯಿಲೆ ಬೇಕಾಗಿಲ್ಲ" ಎಂದು ಹೇಳಿ ನೋಡಿದರು. ಠರಾವು ಆಗಿಹೋಗಿದೆ ಎಂಬ ಉತ್ತರ ಬಂತು.

ಇತ್ತ ಸುದ್ದಿ ಬಸ್ಸಿನಲ್ಲಿ ಹರಡಿತು. ಆದರೆ ಜನ ‘ಆಸ್ಪತ್ರೆ ಕೆಡವುತ್ತಾರಂತೆ’ ಎನ್ನಲಿಲ್ಲ. ‘ಆನೆ ಕಟ್ಟಿದ್ದ ಅರಮನೆ ಕೆಡವುತ್ತಾರಂತೆ’ ಎಂದರು. ‘ರಾಣಿ ಕಟ್ಟಿಸಿದ್ದು, ಕೆಡವಿದರೆ ಊರಿಗೆ ಒಳ್ಳೆಯದಲ್ಲ’ ಎಂದರು. ಆರು ವರ್ಷದಲ್ಲಿ ಆ ಹಾಸಿಗೆಗಳಿಂದ ಎದ್ದುಹೋದ ಮಕ್ಕಳ ಅಪ್ಪ ಅಮ್ಮಂದಿರು ಸೇರಿ, ಇದೊಂದು ಐತಿಹಾಸಿಕ ಕಟ್ಟಡವೆಂದು ಮುನ್ನೂರು ಸಹಿ ಹಾಕಿ ಶಿವಮೊಗ್ಗಕ್ಕೆ ಅರ್ಜಿ ಕಳಿಸಿದರು. ಪರಿಶೀಲನೆಗೆ ಅಧಿಕಾರಿಯೊಬ್ಬರು ಬರುತ್ತಾರೆಂದು ಉತ್ತರವೂ ಬಂತು.

ಆ ದಿನ ಬೆಳಿಗ್ಗೆ ಪ್ರೇಮಮ್ಮ ಗಾದ್ರಮ್ಮನನ್ನು ಕರೆದರು. "ನೀನೇ ಮುಖ್ಯ ಸಾಕ್ಷಿ. ಈ ಕಟ್ಟಡದ ಕಥೆ ನಿನಗೆ ಗೊತ್ತಿರೋ ಅಷ್ಟು ಯಾರಿಗೂ ಗೊತ್ತಿಲ್ಲ. ನಿನಗೆ ಯಾರು ಹೇಳಿದ್ದು ಅಂತ ಅವರು ಕೇಳ್ತಾರೆ."

"ಯಾರೂ ಹೇಳಿಲ್ಲ, ಡಾಕ್ಟ್ರಮ್ಮ. ನಾನೇ ಹೇಳಿದ್ದು."

"ಎಲ್ಲಾನೂ?"

"ಎಲ್ಲಾನೂ."

ಪ್ರೇಮಮ್ಮ ಕುರ್ಚಿಯಲ್ಲಿ ಕೂತರು. "ಆನೆದು ಸುಳ್ಳು ಅಂತ ಗೊತ್ತಿತ್ತು ನನಗೆ. ರಾಣಿದಾದ್ರೂ ನಿಜ ಅಂದ್ಕೊಂಡಿದ್ನಲ್ಲೇ."

"ಅದು ಚೆನ್ನಾಗಿತ್ತು ಅಲ್ವಾ?" ಅಂದಳು ಗಾದ್ರಮ್ಮ. ಅಂದ ಮೇಲೆ ಅವಳಿಗೆ ನಗು ಬರಲಿಲ್ಲ.

ಹಿಂದಿನ ಕಟ್ಟೆಗೆ ಹೋಗಿ ಶೀಸೆ ತೊಳೆಯಲು ಕೂತಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಒಂದು ಮಗುವಿನ ಕಿವಿಯಲ್ಲಿ ಪಿಸುಗುಟ್ಟಿ ಬಿಟ್ಟ ಮಾತು ಈಗ ಮುನ್ನೂರು ಸಹಿ ಹಾಕಿಸಿಕೊಂಡು ತಿರುಗಿ ಬಂದಿತ್ತು. ಇನ್ನೊಂದು ಸಲ ಹೇಳಿದರೆ ಹನ್ನೊಂದು ಹಾಸಿಗೆ ಉಳಿಯಬಹುದು. ಹೇಳದಿದ್ದರೆ ತಗಡಿನ ಶೆಡ್ಡು. ಸುಳ್ಳು ಹೇಳುವುದು ಇಷ್ಟು ಕಷ್ಟ ಎಂದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ.

(ಇಲ್ಲಿ ನಾನು ಮಧ್ಯೆ ಹೋದೆ. "ಗಾದ್ರಮ್ಮ, ಹಿಂದಿನ ಬಾವಿಯಲ್ಲಿ ಒಂದು ತಾಮ್ರದ ಶಾಸನ ಹಾಕಿಬಿಡುತ್ತೇನೆ. ರಾಣಿಯ ಹೆಸರು, ಆನೆಯ ಹೆಸರು, ಎಲ್ಲ ಇರುತ್ತದೆ. ಅರ್ಧ ಪುಟದ ಕೆಲಸ." ಅವಳು ತಲೆಯೆತ್ತದೆ ಹೇಳಿದಳು: "ಬ್ಯಾಡ್ರಿ. ಒಬ್ಬಳು ಸುಳ್ಳು ಹೇಳಿದ್ದಕ್ಕೇ ಇಷ್ಟಾಗೈತೆ. ಇಬ್ಬರು ಸೇರಿದ್ರೆ ಕಟ್ಟಡ ತಡಿಯಲ್ಲ.")

೫

ಅಧಿಕಾರಿಯ ಹೆಸರು ಬಸವರಾಜಪ್ಪ. ಹತ್ತು ಗಂಟೆಯ ಬಸ್ಸಿನಿಂದ ಇಳಿದರು. ಒಂದು ಬಟ್ಟೆ ಚೀಲ, ಅಳತೆಯ ಟೇಪು, ತಲೆಗೆ ಕ್ಯಾನ್ವಾಸ್ ಟೋಪಿ. ಆಸ್ಪತ್ರೆಯ ಮುಂದೆ ಆಗಲೇ ಜನ ಸೇರಿದ್ದರು. ಚೇರ್ಮನ್ನರೂ ಇದ್ದರು. ಬಸವರಾಜಪ್ಪನವರು ಯಾರ ಹಾರವನ್ನೂ ಹಾಕಿಸಿಕೊಳ್ಳದೆ ಸೀದಾ ಒಳಗೆ ಹೋಗಿ ವಾರ್ಡಿನ ಬೆಂಚಿನ ಮೇಲೆ ಕೂತರು. ಗಾದ್ರಮ್ಮನನ್ನು ಕರೆಸಿದರು.

"ಇಲ್ಲಿ ಆನೆ ಕಟ್ತಿದ್ರಂತೆ, ಹೌದೇನಮ್ಮ?"

ಗಾದ್ರಮ್ಮ ಬಾಯಿ ತೆರೆಯುವ ಮೊದಲೇ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದ ಐದು ವರ್ಷದ ಜಯಪ್ಪ ಹೇಳಿದ: "ಕಟ್ತಿದ್ರು. ನಾನು ನೋಡೀನಿ."

"ಯಾವಾಗ ನೋಡಿದೆ?"

"ನಿನ್ನೆ."

ಜನ ನಕ್ಕರು. ಬಸವರಾಜಪ್ಪನವರು ಅದನ್ನೂ ಬರೆದುಕೊಂಡರು. ಮತ್ತೆ ಗಾದ್ರಮ್ಮನ ಕಡೆ ತಿರುಗಿದರು.

ಅವಳು ಹನ್ನೊಂದು ಹಾಸಿಗೆಗಳನ್ನು ನೋಡಿದಳು. ಆಮೇಲೆ ಹೇಳಿದಳು: "ಆನೆ ಇರಲಿಲ್ಲ ಸ್ವಾಮಿ. ರಾಣೀನೂ ಇರಲಿಲ್ಲ. ಎಲ್ಲ ನಾನೇ ಕಟ್ಟಿದ್ದು."

ಬಾಗಿಲ ಹತ್ತಿರ ಗುಸುಗುಸು ಎದ್ದಿತು. ಪ್ರೇಮಮ್ಮ ಕಿಟಕಿಯಾಚೆ ನೋಡಿದರು.

"ಯಾಕೆ ಕಟ್ಟಿದೆ?"

"ಸೂಜಿ ಚುಚ್ಚುವಾಗ ಕೂಸು ಮ್ಯಾಲೆ ನೋಡ್ಬೇಕು. ಮ್ಯಾಲೆ ನೋಡ್ಬೇಕಂದ್ರೆ ಅಲ್ಲಿ ಏನಾದ್ರೂ ಇರಬೇಕಲ್ಲ."

"ಹಂಗಾದ್ರೆ ನನಗೂ ಅದನ್ನೇ ಹೇಳಬಹುದಿತ್ತು. ಕಟ್ಟಡ ಉಳೀತಿತ್ತು."

"ನಿಮಗೆ ಯಾರೂ ಸೂಜಿ ಚುಚ್ತಿಲ್ವಲ್ಲ, ಸ್ವಾಮಿ."

ಬಸವರಾಜಪ್ಪನವರು ಪುಸ್ತಕ ಮುಚ್ಚಿದರು. ಎದ್ದು, ತೊಲೆಯ ಕೊಂಡಿಗಳನ್ನು ಬಹಳ ಹೊತ್ತು ನೋಡಿದರು. ನೆಲದ ಕಾಲುವೆಯನ್ನು ಚಪ್ಪಲಿಯ ತುದಿಯಿಂದ ಮುಟ್ಟಿದರು. ಬಾಗಿಲ ಅಗಲ ಅಳೆದರು. ಹೊರಗೆ ಹೋಗಿ ಬಾಗಿಲ ಮೇಲಿನ ಕುಟುಂಬ ಯೋಜನೆಯ ಬೋರ್ಡನ್ನು ದಿಟ್ಟಿಸಿದರು. ಕೆಂಪು ತ್ರಿಕೋನ, ಅಪ್ಪ, ಅಮ್ಮ, ಎರಡು ಮಕ್ಕಳು.

"ಇದರ ಹಿಂದೆ ಏನಿದೆ?"

ಯಾರಿಗೂ ಗೊತ್ತಿರಲಿಲ್ಲ. ಪಾಪಣ್ಣ ಮಾತ್ರ ತನ್ನ ಕಾಲಬೆರಳು ನೋಡುತ್ತಿದ್ದ.

೬

ಏಣಿ ತಂದರು. ಬೋರ್ಡು ಇಳಿಸಿದರು. ಹಿಂದೆ ಸುಣ್ಣದ ಗೋಡೆ. ಬಸವರಾಜಪ್ಪನವರು ಬೆರಳಿಂದ ಬಡಿದು ಕೇಳಿ, ಒಂದು ಕರಣೆ ತರಿಸಿ ಮೆಲ್ಲಗೆ ಕೆರೆಯತೊಡಗಿದರು. ವರ್ಷಕ್ಕೊಂದರಂತೆ ಬಳಿದ ಸುಣ್ಣ ಹಪ್ಪಳದ ಹಾಗೆ ಕಳಚಿ ಬಿತ್ತು. ಒಳಗೆ ಕಲ್ಲು, ಕಲ್ಲಿನ ಮೇಲೆ ಅಕ್ಷರ.

(ನಾನು ಹಾಕಿದ್ದಲ್ಲ. ಗಾದ್ರಮ್ಮನ ಮುಖ ನೋಡಿಕೊಂಡು ಆಣೆ ಮಾಡುತ್ತೇನೆ. ಕಥೆಗಾರನಿಗೂ ಕೆಲವು ಸಲ ಕಲ್ಲು ತಾನಾಗಿ ಸಿಗುತ್ತದೆ. ನಂಬದಿದ್ದರೆ ನಿಮ್ಮಿಷ್ಟ.)

ಏಣಿಯ ಮೇಲಿಂದಲೇ ಅವರು ಗಟ್ಟಿಯಾಗಿ ಓದಿದರು: "೧೯೦೯ನೇ ಇಸವಿಯಲ್ಲಿ ನ್ಯಾಮತಿ ವರ್ತಕ ಕೊಟ್ರಬಸಪ್ಪನವರು ಕಾಲುಬಾಯಿ ರೋಗದಿಂದ ಮಡಿದ ತಮ್ಮ ಹೋರಿಯ ಜ್ಞಾಪಕಾರ್ಥ ಕಟ್ಟಿಸಿದ ದನದ ದವಾಖಾನೆ. ಈ ಜಾಗವು ಮಾತು ಬಾರದ ಜೀವಗಳ ಶುಶ್ರೂಷೆಗಲ್ಲದೆ ಅನ್ಯ ಕಾರ್ಯಕ್ಕೆ ಸಲ್ಲತಕ್ಕದ್ದಲ್ಲ."

ಜನರ ಹಿಂದಿನಿಂದ ಒಬ್ಬ ಹೆಂಗಸಿನ ದನಿ: "ದನದ ದವಾಖಾನೇನಾ? ನನ್ನ ಮಗನ್ನ ಅರಮನೇಲಿ ಮಲಗ್ಸಿದ್ದೆ ಅಂತ ಊರೆಲ್ಲ ಹೇಳ್ಕೊಂಡು ಬಂದೀನಿ."

ಪಾಪಣ್ಣ ಆಗ ಬಾಯಿಬಿಟ್ಟ. ಅವನ ಅಪ್ಪ ಆ ದನದ ದವಾಖಾನೆಯಲ್ಲೇ ಜವಾನರಾಗಿದ್ದರು. ನೆಲಕ್ಕೆ ಬಿದ್ದ ಎತ್ತನ್ನು ಹೊಟ್ಟೆಗೆ ಗೋಣಿ ಕಟ್ಟಿ ಎತ್ತಿ ನಿಲ್ಲಿಸಲು ತೊಲೆಯ ಕೊಂಡಿ. ಗಂಜಲ ಹೋಗಲು ನೆಲದ ಕಾಲುವೆ. ಮುಂದೆ ದನದ ಡಾಕ್ಟರು ಚನ್ನಗಿರಿಗೆ ಹೋದರು, ಕಟ್ಟಡಕ್ಕೆ ಬೀಗ ಬಿತ್ತು. ಒಂದು ವರ್ಷ ಊರಲ್ಲಿ ದಡಾರ ಬಂದು ಮಕ್ಕಳನ್ನು ಮಲಗಿಸಲು ಜಾಗ ಸಾಲದೆ ಆ ಬೀಗ ಒಡೆದರು. ಆಮೇಲೆ ಮಕ್ಕಳು ಹೊರಡಲೇ ಇಲ್ಲ.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದರು ಪ್ರೇಮಮ್ಮ.

"ಯಾರೂ ಕೇಳ್ಲಿಲ್ಲ. ಎಲ್ಲಾರೂ ಆನೆ ಆನೆ ಅಂತಿದ್ರು. ಆನೆ ಮುಂದೆ ಎಮ್ಮೆ ಕಥೆ ಯಾರು ಕೇಳ್ತಾರೆ?"

ಮಹೇಶ್ವರಪ್ಪನವರಿಗೆ ಉತ್ಸಾಹ ಬಂದಿತ್ತು. "ನೋಡ್ರಿ ಸಾಹೇಬ್ರೆ, ಅರಮನೆ ಅಲ್ಲ, ಕೊಟ್ಟಿಗೆ. ಅಲ್ಲದೆ ಕಲ್ಲೇ ಹೇಳ್ತೈತೆ, ದನ ಬಿಟ್ಟು ಬ್ಯಾರೆಯವರಿಗೆ ಜಾಗ ಇಲ್ಲ ಅಂತ. ಮಕ್ಕಳನ್ನ ಇಲ್ಲಿಟ್ಟಿದ್ದೇ ತಪ್ಪು. ಖಾಲಿ ಮಾಡಿಸ್ಬೇಕು."

"ಮಳಿಗೆ ಕಟ್ಟೋದೂ ತಪ್ಪಾಗುತ್ತೆ," ಎಂದರು ಬಸವರಾಜಪ್ಪ. "ಆದರೆ ನೀವು ಹೇಳಿದ್ದರಲ್ಲೂ ನ್ಯಾಯ ಇದೆ. ಆಸ್ಪತ್ರೆ ಇಲ್ಲಿರೋದಕ್ಕೆ ಆಧಾರ ಇಲ್ಲ."

ಅದಕ್ಕೆ ಉತ್ತರ ಹೊಳೆದದ್ದು ಓದು ಬಾರದವಳಿಗೆ.

"ಸ್ವಾಮಿ, ಆ ಕೊನೇ ಮಾತು ಇನ್ನೊಂದು ಸಲ ಓದ್ರಿ," ಅಂದಳು ಗಾದ್ರಮ್ಮ.

"ಮಾತು ಬಾರದ ಜೀವಗಳ ಶುಶ್ರೂಷೆಗಲ್ಲದೆ..."

"ದನ ಅಂತ ಬರ್ದೈತಾ, ಮಾತು ಬಾರದ ಜೀವ ಅಂತ ಬರ್ದೈತಾ?"

ಬಸವರಾಜಪ್ಪನವರು ಕಲ್ಲನ್ನೇ ನೋಡುತ್ತ ನಿಂತರು.

"ಒಳಗೆ ಹತ್ತು ಕೂಸು ಮಲಗ್ಯಾವೆ," ಅಂದಳು ಗಾದ್ರಮ್ಮ. "ಎಲ್ಲಿ ನೋಯ್ತೈತೆ ಅಂತ ಒಂದಕ್ಕೂ ಹೇಳಾಕೆ ಬರಲ್ಲ. ದನಾನಾದ್ರೂ ನೋವಿದ್ದ ಕಡೆ ನೆಕ್ಕಿ ತೋರ್ಸ್ತೈತೆ. ಇವಕ್ಕೆ ಅದೂ ಬರಲ್ಲ. ಚೇರ್ಮನ್ರು ಒಳಗೆ ಹೋಗಿ ಮಾತಾಡ್ಸಿ ನೋಡ್ಲಿ. ಒಂದು ಕೂಸು ಉತ್ತರ ಕೊಟ್ರೂ ನಾನೇ ಹಾಸಿಗೆ ಸುತ್ತಿ ಕೊಡ್ತೀನಿ."

ಏಣಿಯ ಮೇಲಿಂದ ನಗು ಕೇಳಿಸಿತು. ಆ ಹೊತ್ತಿನವರೆಗೆ ಬಸವರಾಜಪ್ಪನವರು ನಗುವವರೆಂದು ಯಾರಿಗೂ ಅನ್ನಿಸಿರಲಿಲ್ಲ.

"ಹಾಸಿಗೆ ಹನ್ನೊಂದು ಅಲ್ವಾ?" ಎಂದರು ಮಹೇಶ್ವರಪ್ಪ, ಸೋಲೊಪ್ಪದೆ. "ಆ ಜಯಪ್ಪ ಮಾತಾಡ್ತಾನಲ್ಲ. ಬೇಕಾದಷ್ಟು ಮಾತಾಡ್ತಾನೆ."

"ಅವನು ನಾಳೆ ಡಿಸ್ಚಾರ್ಜ್," ಎಂದರು ಪ್ರೇಮಮ್ಮ.

ಮೊದಲು ನಕ್ಕದ್ದು ಮಹೇಶ್ವರಪ್ಪನವರೇ. ಇದನ್ನು ನಾನು ಬರೆಸಿದ್ದಲ್ಲ. ನನ್ನ ಕರಡಿನಲ್ಲಿ ಅವರು ಮುಖ ಕಪ್ಪಿಟ್ಟುಕೊಂಡು ಹೋಗುತ್ತಾರೆ.

ಬಸವರಾಜಪ್ಪನವರು ವರದಿ ಬರೆದು ಕಳಿಸಿದರು. ಅದರ ಕೊನೆಯ ಸಾಲನ್ನು ಪ್ರೇಮಮ್ಮ ಓದಿ ಹೇಳಿದ್ದು ಗಾದ್ರಮ್ಮನಿಗೆ ಇನ್ನೂ ಬಾಯಿಪಾಠ: ‘ದಾನಿಯ ಉದ್ದೇಶವು ಯಥಾವತ್ತಾಗಿ ನೆರವೇರುತ್ತಿರುವುದರಿಂದ ಕಟ್ಟಡವನ್ನು ಹೀಗೆಯೇ ಮುಂದುವರಿಸತಕ್ಕದ್ದು.’ ಮಳಿಗೆಗಳು ಸಂತೆ ಮೈದಾನದ ಪಕ್ಕ ಆದವು. ಎರೆಬಾವಿಯವರಿಗೆ ಊರಲ್ಲೇ ಗುಂಡಿ ಸಿಗತೊಡಗಿತು.

೭

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕಲ್ಲಿನ ಸುದ್ದಿ ಚನ್ನಗಿರಿಯ ದನದ ಡಾಕ್ಟರಿಗೆ ತಲುಪಿತು. ಮಾತು ಬಾರದ ಜೀವಗಳಲ್ಲಿ ತಮ್ಮವೂ ಇವೆಯಲ್ಲ ಎಂದು ಅವರು ಕಾಗದ ಬರೆದರು. ಅದರಲ್ಲೂ ನ್ಯಾಯ ಇತ್ತು. ಪ್ರತಿ ಬುಧವಾರ ಹಿತ್ತಲಿನ ಬೇವಿನ ಮರದ ಕೆಳಗೆ ದನಕರುಗಳಿಗೆ ಚುಚ್ಚುಮದ್ದು ಹಾಕುವುದೆಂದು ಒಪ್ಪಂದವಾಯಿತು. ಅಂದು ಕಿಟಕಿಯಲ್ಲಿ ಮಕ್ಕಳ ಸಾಲು. ತಮ್ಮದಕ್ಕಿಂತ ದೊಡ್ಡ ಸೂಜಿ ಚುಚ್ಚಿಸಿಕೊಂಡೂ ಅಳದೆ ಹುಲ್ಲು ಮೆಲ್ಲುವ ಕರುವನ್ನು ನೋಡಿ ಕೆಲವು ಮಕ್ಕಳು ನಾಚಿಕೊಂಡವು.

ಗಾದ್ರಮ್ಮ ಸುಳ್ಳು ಹೇಳುವುದನ್ನು ಬಿಟ್ಟಳು. ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ನಿಜವೇ ಸಿಕ್ಕಿರುವಾಗ ಸುಳ್ಳೇಕೆ ಎಂದುಕೊಂಡಳು. ಕೈ ಮುರಿದುಕೊಂಡು ಬಂದಿದ್ದ ಒಬ್ಬ ಹುಡುಗಿಗೆ ಹೇಳತೊಡಗಿದಳು: ನ್ಯಾಮತಿಯಲ್ಲಿ ಒಬ್ಬ ಸಾಹುಕಾರರಿದ್ದರು, ಅವರಿಗೊಂದು ಹೋರಿಯಿತ್ತು, ಅದು ಸತ್ತಿತು, ಅದರ ನೆನಪಿಗೆ ಈ ಆಸ್ಪತ್ರೆ ಕಟ್ಟಿಸಿದರು.

ಹುಡುಗಿ ಅವಳನ್ನು ಕನಿಕರದಿಂದ ನೋಡಿದಳು. "ಹೋರಿಗೆ ಯಾರಾದ್ರೂ ಆಸ್ಪತ್ರೆ ಕಟ್ತಾರಾ? ಸುಳ್ಳು ಹೇಳ್ತೀಯ ನೀನು. ನಮ್ಮಕ್ಕಂಗೆ ಹೇಳಿದ್ಯಲ್ಲ, ಆನೇದು, ಆ ನಿಜವಾದ ಕಥೆ ಹೇಳು."

ಗಾದ್ರಮ್ಮ ಎರಡು ದಿನ ಈ ಮಾತಿಗೆ ನಗುತ್ತಲೇ ಇದ್ದಳು. ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು.

೮, ೮, ೮

ಮುಕ್ತಾಯಗಳು ಮೂರು ಇವೆ. ನಿಮಗೆ ಬೇಕಾದ್ದು ಆರಿಸಿಕೊಳ್ಳಬಹುದು ಎಂದು ಬರೆಯಲು ಹೊರಟಿದ್ದೆ.

ಒಂದು: ಉಡಚಮ್ಮ ದೊಡ್ಡವಳಾಗಿ ಡಾಕ್ಟರ್ ಓದಿ ಅದೇ ಆಸ್ಪತ್ರೆಗೆ ಬರುತ್ತಾಳೆ. (ಗಾದ್ರಮ್ಮ: "ಅವಳಿಗೆ ರಕ್ತ ಕಂಡ್ರೆ ತಲೆ ಸುತ್ತು ಬರ್ತೈತೆ. ಕಂಡಕ್ಟರ್ ಆಗ್ತೀನಿ ಅಂತಾಳೆ.")

ಎರಡು: ಒಂದು ಮಳೆಗಾಲ ಕಟ್ಟಡ ಕುಸಿಯುತ್ತದೆ, ಕಲ್ಲೊಂದು ಉಳಿಯುತ್ತದೆ. (ಗಾದ್ರಮ್ಮ: "ಯಾರ ಮನೆ ಬೀಳ್ಸಿದ್ರೆ ನಿಮಗೆ ಸಮಾಧಾನ?")

ಮೂರನೆಯದು ಅವಳನ್ನೇ ಕೇಳಿಬಿಡೋಣ ಎಂದು ನಾನೇ ಕಥೆಯೊಳಗೆ ಹೊರಟೆ. ೧೯೮೪ರ ಒಂದು ಸೋಮವಾರ, ಹೊನ್ನಾಳಿಯಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ಟಿಕೆಟ್ ಕೇಳಿದ. ಈ ಕಥೆ ಬರೆಯುತ್ತಿರುವವನು ನಾನೇ ಎಂದೆ. "ಇರಬಹುದು. ಪಾಸ್ ಐತಾ?" ಎಂದ. ಟಿಕೆಟ್ ತೆಗೆದುಕೊಂಡೆ.

ಆಸ್ಪತ್ರೆಯ ಅಂಗಳ ತುಂಬಿತ್ತು. ನ್ಯಾಮತಿಯಿಂದ ಅಂಜಿನಮ್ಮ ಎಂಬ ತಾಯಿ ಅವಳಿಜವಳಿ ಕೂಸುಗಳನ್ನು ಎರಡು ಕಂಕುಳಿಗೆ ಹಾಕಿಕೊಂಡು ಬಂದಿದ್ದಳು. ಒಂದಕ್ಕೆ ಜ್ವರ, ಇನ್ನೊಂದಕ್ಕೆ ಏನೂ ಇಲ್ಲ, ಆದರೆ ಅದನ್ನು ಯಾರ ಹತ್ತಿರ ಬಿಟ್ಟು ಬರುವುದು? ಗಾದ್ರಮ್ಮ ನನ್ನನ್ನು ನೋಡಿದಳು. ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ.

"ಗಾದ್ರಮ್ಮ, ಈ ಕಥೆ ಹೆಂಗೆ ಮುಗಿಸೋದು?"

"ನಿಮ್ಮ ಕೈ ಖಾಲಿ ಐತಲ್ಲ," ಅಂದಳು. ಜ್ವರವಿಲ್ಲದ ಕೂಸನ್ನು ನನ್ನ ತೋಳಿಗೆ ಇಟ್ಟು, ಜ್ವರದ್ದನ್ನು ಎತ್ತಿಕೊಂಡು, ತಾಯಿಯ ಬೆನ್ನಿಗೆ ಕೈಹಾಕಿ ಒಳಗೆ ಹೋದಳು.

ಒಂಬತ್ತು ತಿಂಗಳು ಇರಬೇಕು. ತಲೆಯಲ್ಲಿ ಹರಳೆಣ್ಣೆಯ ವಾಸನೆ. ಅದು ನನ್ನ ಮುಖವನ್ನು ಪರೀಕ್ಷೆ ಮಾಡಿತು, ಮೀಸೆಯಲ್ಲಿ ಏನೂ ವಿಶೇಷವಿಲ್ಲವೆಂದು ತೀರ್ಮಾನಿಸಿತು, ಕೈಯನ್ನು ಜೇಬಿಗೆ ಹಾಕಿ ಪೆನ್ನು ಎಳೆಯಿತು. ಕ್ಯಾಪನ್ನು ಸಕಾಲಕ್ಕೆ ಕಿತ್ತುಕೊಂಡೆ. ಪೆನ್ನಿನ ಹಿಂಭಾಗ ಅದರ ಬಾಯಿಯಲ್ಲಿದೆ. ಹಲ್ಲು ಬರುತ್ತಿರಬೇಕು, ಸುಖವಾಗಿ ಕಚ್ಚುತ್ತಿದೆ. ನನ್ನ ಅಂಗಿಯ ಮೇಲೆ ಶಾಯಿಯ ಗೆರೆ, ಇನ್ನೊಂದು ಗೆರೆ, ಯಾವ ಲಿಪಿಯೋ ಏನೋ.

(ಹಾಗಾದರೆ ಈ ಸಾಲನ್ನು ಯಾವುದರಿಂದ ಬರೆಯುತ್ತಿದ್ದೀರಿ ಎಂದು ಜಾಣ ಓದುಗರು ಕೇಳುತ್ತಾರೆ. ಆಮೇಲೆ ಮಾತಾಡೋಣ, ಕೂಸು ಜಾರುತ್ತಿದೆ.)

ಮೂರನೇ ಮುಕ್ತಾಯ ಬರೆಯಬೇಕೆಂದರೆ ಪೆನ್ನು ಕಿತ್ತುಕೊಳ್ಳಬೇಕು. ಕಿತ್ತುಕೊಂಡರೆ ಅದು ಅಳುತ್ತದೆ.

ನನ್ನಿಂದಾಗದು. ಬೇಕಾದರೆ ನೀವೇ ಬಂದು ಕಿತ್ತುಕೊಳ್ಳಿ.